ಬೇಡ ಅಂದವರಿಗೆ ಮಾತ್ರ ಯಾಕೆ ಪ್ರಶ್ನೆ?

ಎಂಟು ಜನ ಒಂದು ಟೇಬಲ್ ಸುತ್ತ ಕೂತಿದ್ದಾರೆ ಅಂದ್ಕೊಳ್ಳಿ. ಏಳು ಜನರ ಮುಂದೆ ಗ್ಲಾಸ್ ಇದೆ. ಎಂಟನೆಯವರು "ನನಗೆ ಬೇಡ" ಅಂತಾರೆ. ಆಮೇಲೆ ಏನಾಗುತ್ತೆ ಅಂತ ನಿಮಗೂ ಗೊತ್ತು. "ಯಾಕೆ, ಹುಷಾರಿಲ್ವಾ? ಮಾತ್ರೆ ತಗೊಳ್ತಿದ್ದೀಯಾ? ಮನೇಲಿ ಬೈತಾರಾ? ಹೋಗ್ಲಿ, ಕಂಪನಿಗೆ ಒಂದೇ ಒಂದು." ಉಳಿದ ಏಳು ಜನರಲ್ಲಿ ಒಬ್ಬರನ್ನಾದರೂ "ನೀನ್ಯಾಕೆ ಕುಡೀತಿದ್ದೀಯ?" ಅಂತ ಯಾರಾದರೂ ಕೇಳ್ತಾರಾ? ಕೇಳಲ್ಲ. ಕುಡಿಯೋದಕ್ಕೆ ಕಾರಣ ಬೇಕಿಲ್ಲ, ಬಿಡೋದಕ್ಕೆ ಬೇಕು.

ಮದ್ಯದ ಚಟವನ್ನ ನಾವು ಯಾವಾಗಲೂ ಒಬ್ಬ ಮನುಷ್ಯನ ಒಳಗೆ ಹುಡುಕ್ತೀವಿ. ಅವನ ಮನಸ್ಸು ಗಟ್ಟಿ ಇಲ್ಲ, ಅವಳಿಗೆ ಜವಾಬ್ದಾರಿ ಇಲ್ಲ, ಅವರ ರಕ್ತದಲ್ಲೇ ಇದೆ. ನನ್ನ ಪ್ರಕಾರ ಆ ಹುಡುಕಾಟ ಅರ್ಧಕ್ಕೇ ನಿಂತುಬಿಡುತ್ತೆ. ಉಳಿದ ಅರ್ಧ ಆ ಟೇಬಲ್ಲಿನ ಸುತ್ತ ಇದೆ. "ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ" ಅನ್ನೋ ಗಾದೆ ನಮಗೆಲ್ಲ ಬಾಯಿಪಾಠ. ಆದರೂ ಯಾರಾದರೂ ಕುಡಿತಕ್ಕೆ ಬಿದ್ದಾಗ ನಾವು ಬೈಯೋದು ಸನ್ಯಾಸಿಯನ್ನ. ಸಹವಾಸವನ್ನ ಯಾರೂ ವಿಚಾರಿಸಲ್ಲ.

ರಕ್ತದ ಮಾತನ್ನೇ ಮೊದಲು ತಗೊಳ್ಳೋಣ, ಯಾಕಂದ್ರೆ ಎಲ್ಲರೂ ಅಲ್ಲಿಗೇ ಓಡ್ತಾರೆ. ಅವಳಿಗಳ ಮೇಲೆ ನಡೆದ ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದ್ರೆ, ಈ ಚಟದಲ್ಲಿ ವಂಶವಾಹಿಯ ಪಾಲು ಸುಮಾರು ಅರ್ಧ. ಚಿಕ್ಕದಲ್ಲ, ಒಪ್ಪಿಕೊಳ್ಳೋಣ. ಆದರೆ ಆ ಅರ್ಧವೂ ಸುತ್ತಲಿನ ಸಮಾಜವನ್ನ ಬಿಟ್ಟು ಒಂಟಿಯಾಗಿ ಕೆಲಸ ಮಾಡಲ್ಲ. ಇದಕ್ಕೆ ನನಗೆ ಗೊತ್ತಿರೋದರಲ್ಲಿ ಅತಿ ಬಲವಾದ ಸಾಕ್ಷಿ ಜಪಾನಿನದು.

ಮದ್ಯ ಹೊಟ್ಟೆಗೆ ಹೋದ ಮೇಲೆ ಲಿವರ್ ಅದನ್ನ ಮೊದಲು ಅಸಿಟಾಲ್ಡಿಹೈಡ್ ಅನ್ನೋ ವಿಷವಾಗಿ ಒಡೆಯುತ್ತೆ. ಆಮೇಲೆ ಇನ್ನೊಂದು ಕಿಣ್ವ ಆ ವಿಷವನ್ನ ತೆಗೆದುಹಾಕುತ್ತೆ. ಆ ಕಿಣ್ವವನ್ನ ಮಾಡಿಸೋ ವಂಶವಾಹಿಗೆ ಎಎಲ್‌ಡಿಎಚ್2 ಅಂತ ಹೆಸರು. ಪೂರ್ವ ಏಷ್ಯಾದ ಬಹಳಷ್ಟು ಜನರಲ್ಲಿ ಈ ವಂಶವಾಹಿಯ ದುರ್ಬಲ ರೂಪ ಇದೆ. ಅಂಥವರು ಒಂದು ಗ್ಲಾಸ್ ಕುಡಿದರೆ ಮುಖ ಕೆಂಪೇರುತ್ತೆ, ಎದೆ ಹೊಡ್ಕೊಳ್ಳುತ್ತೆ, ವಾಕರಿಕೆ ಬರುತ್ತೆ. ಅಂದ್ರೆ ಕುಡಿಯದೇ ಇರೋಕೆ ದೇಹವೇ ಒಂದು ಬೇಲಿ ಹಾಕಿಕೊಟ್ಟಿದೆ. ತಂದೆ ತಾಯಿ ಇಬ್ಬರಿಂದಲೂ ದುರ್ಬಲ ರೂಪ ಬಂದವರಲ್ಲಿ ಮದ್ಯದ ಚಟ ಇಲ್ಲ ಅನ್ನೋವಷ್ಟು ಕಡಿಮೆ. ಒಬ್ಬರಿಂದ ಮಾತ್ರ ಬಂದವರಿಗೆ ಬೇಲಿ ಇದೆ, ಎತ್ತರ ಕಡಿಮೆ. ಜಪಾನಿನಲ್ಲಿ ಚಟಕ್ಕೆ ಚಿಕಿತ್ಸೆ ತಗೊಳ್ತಿದ್ದವರ ಪೈಕಿ ಇಂಥ ಗಿಡ್ಡ ಬೇಲಿಯವರು ಎಷ್ಟಿದ್ದಾರೆ ಅಂತ ಸಂಶೋಧಕರು ಲೆಕ್ಕ ಹಾಕಿದರು. 1979ರಲ್ಲಿ ಶೇ 2.5. 1986ರಲ್ಲಿ ಶೇ 8. 1992ರಲ್ಲಿ ಶೇ 13. ಹದಿಮೂರು ವರ್ಷದಲ್ಲಿ ಒಂದು ದೇಶದ ಜನರ ವಂಶವಾಹಿ ಬದಲಾಗೋಕೆ ಸಾಧ್ಯವೇ ಇಲ್ಲ. ಬದಲಾಗಿದ್ದು ಸುತ್ತಲಿನ ಒತ್ತಾಯ. ಎದೆ ಹೊಡ್ಕೊಂಡರೂ, ವಾಕರಿಕೆ ಬಂದರೂ ಕುಡಿಯೋ ಹಾಗೆ ಮಾಡೋ ಶಕ್ತಿ ಅದಕ್ಕಿದೆ.

ಈಗ ಈ ಒತ್ತಾಯ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ. ಮೊದಲು ಅದು ನಮ್ಮ ಲೆಕ್ಕ ತಪ್ಪಿಸುತ್ತೆ.

ಲೆಕ್ಕ ಸುಲಭ. ಎಷ್ಟು ಮಿಲಿ ಕುಡಿದಿರೋ ಅದನ್ನ ಬಾಟಲಿ ಮೇಲಿನ ಶೇಕಡಾ ಸಂಖ್ಯೆಯಿಂದ ಗುಣಿಸಿ, ನೂರರಿಂದ ಭಾಗಿಸಿ, ಆಮೇಲೆ 0.79ರಿಂದ ಗುಣಿಸಿ. ಬಂದಿದ್ದು ಶುದ್ಧ ಆಲ್ಕೋಹಾಲಿನ ಗ್ರಾಂ. ಶೇ 40ರ ಮದ್ಯ 30 ಮಿಲಿ ಅಂದ್ರೆ ಸುಮಾರು ಒಂಬತ್ತೂವರೆ ಗ್ರಾಂ. ಶೇ 5ರ ಬಿಯರ್ 330 ಮಿಲಿ ಅಂದ್ರೆ 13 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರ್ 650 ಮಿಲಿಯ ಒಂದೇ ಬಾಟಲಿ ಅಂದ್ರೆ 41 ಗ್ರಾಂ. "ನಾನು ಬಿಯರ್ ಮಾತ್ರ ಕುಡಿಯೋದು, ಹಾರ್ಡ್ ಮುಟ್ಟಲ್ಲ" ಅನ್ನೋರು ಈ ಕೊನೇ ಸಂಖ್ಯೆಯನ್ನ ಇನ್ನೊಮ್ಮೆ ನೋಡಬೇಕು. ಆ ಒಂದು ಬಾಟಲಿ 30 ಮಿಲಿಯ ನಾಲ್ಕು ಪೆಗ್ಗಿಗಿಂತ ಹೆಚ್ಚು.

ಒಬ್ಬರೇ ಅಳತೆ ಹಾಕಿಕೊಂಡು ಕುಡಿದರೆ ಈ ಲೆಕ್ಕ ಇಡಬಹುದು. ಗುಂಪಿನಲ್ಲಿ ಆಗಲ್ಲ. ಗ್ಲಾಸ್ ಅರ್ಧ ಖಾಲಿ ಆಗುತ್ತಲೇ ಯಾರೋ ಅಕ್ಕರೆಯಿಂದ ತುಂಬಿಸ್ತಾರೆ. ಅದು ಮೂರನೇದೋ, ಎರಡೂಮುಕ್ಕಾಲೋ, ನಾಲ್ಕನೇದೋ, ಯಾರಿಗೂ ಗೊತ್ತಿರಲ್ಲ. ಸುರಿಯೋ ಕೈಗೆ ಅಳತೆಯೂ ಇರಲ್ಲ. ಉಪಚಾರ ಚೆನ್ನಾಗಿ ಆದಷ್ಟೂ ಲೆಕ್ಕ ಕೆಡುತ್ತೆ.

ಇನ್ನು "ರೌಂಡ್" ಪದ್ಧತಿ. ಒಬ್ಬೊಬ್ಬರು ಸರದಿಯಲ್ಲಿ ಎಲ್ಲರಿಗೂ ಕೊಡಿಸೋದು. ನೋಡೋಕೆ ಸಮಾನತೆ, ಸ್ನೇಹ. ಆದರೆ ಆರು ಜನ ಇದ್ದರೆ ಆರು ರೌಂಡ್. ಎರಡನೇ ರೌಂಡಿಗೆ ಎದ್ದು ಹೋದವರು ಇನ್ನೊಬ್ಬರದ್ದು ಕುಡಿದು ತಮ್ಮ ಸರದಿ ತಪ್ಪಿಸಿಕೊಂಡ ಹಾಗೆ. ಆ ಋಣಕ್ಕೆ ಅಂಜಿ ಜನ ಆರನೇದರ ತನಕ ಕೂರ್ತಾರೆ. 30 ಮಿಲಿಯ ಆರು ಅಂದ್ರೆ 57 ಗ್ರಾಂ. ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತೆ. ತಣ್ಣೀರು ಸ್ನಾನ, ಕಾಫಿ, ನಿಂಬೆರಸ ಯಾವುದೂ ಅದರ ವೇಗ ಹೆಚ್ಚಿಸಲ್ಲ. ಮೂರು ಗಂಟೆ ಕೂತರೆ ಕರಗೋದು ಹೆಚ್ಚೆಂದರೆ 30. ಉಳಿದದ್ದು ರಕ್ತದಲ್ಲಿ. ಇಷ್ಟಕ್ಕೂ ಇಲ್ಲಿ ವೇಗ ನಿರ್ಧರಿಸೋರು ಯಾರು? ಗುಂಪಿನಲ್ಲಿ ಎಲ್ಲರಿಗಿಂತ ಬೇಗ ಗ್ಲಾಸ್ ಖಾಲಿ ಮಾಡೋರು. ಬಹಳ ಸಲ ಅವರಿಗೆ ಆಗಲೇ ಚಟ ಹತ್ತಿರುತ್ತೆ. ಉಳಿದ ಐದು ಜನ ಒಬ್ಬ ರೋಗಿಯ ವೇಗಕ್ಕೆ ತಮ್ಮ ದೇಹವನ್ನ ಹೊಂದಿಸಿಕೊಳ್ತಾ ಇರ್ತಾರೆ.

ಆ ಐದು ಜನ ಆ ಆರನೆಯವರನ್ನ ಹೊಗಳ್ತಾರೆ ಬೇರೆ. "ಎಷ್ಟು ಹಾಕಿದರೂ ನೆಟ್ಟಗೆ ನಿಲ್ತಾನೆ ನೋಡು." ಇದರಷ್ಟು ಅಪಾಯದ ಹೊಗಳಿಕೆ ಇನ್ನೊಂದಿಲ್ಲ. ಎಷ್ಟು ಕುಡಿದರೂ ಏರದೇ ಇರೋದು ಗಟ್ಟಿತನ ಅಲ್ಲ. ಮಿದುಳು ಮದ್ಯಕ್ಕೆ ಒಗ್ಗಿಹೋಗಿದೆ ಅನ್ನೋ ಸೂಚನೆ ಅದು, ವೈದ್ಯರು ಚಟವನ್ನ ಗುರುತಿಸೋ ಲಕ್ಷಣಗಳಲ್ಲಿ ಒಂದು. ಕೆಲವರಿಗೆ ಹುಟ್ಟಿನಿಂದಲೇ ಅಮಲು ಕಡಿಮೆ ಏರುತ್ತೆ. ಮುಂದೆ ಚಟಕ್ಕೆ ಬೀಳೋ ಸಾಧ್ಯತೆ ಅವರಿಗೇ ಹೆಚ್ಚು ಅಂತ ವರ್ಷಗಟ್ಟಲೆ ಜನರನ್ನ ಹಿಂಬಾಲಿಸಿದ ಅಧ್ಯಯನಗಳು ತೋರಿಸಿವೆ. ಬೇರೆಯವರಿಗೆ ತಲೆ ಸುತ್ತು "ಸಾಕು" ಅಂತ ಹೇಳುತ್ತೆ, ಇವರಿಗೆ ಹೇಳಲ್ಲ. ಒಳಗಿನಿಂದ ಎಚ್ಚರಿಕೆ ಇಲ್ಲ, ಹೊರಗಿನಿಂದ ಚಪ್ಪಾಳೆ.

"ಎಲ್ಲರೂ ಕುಡೀತಾರೆ, ಎಲ್ಲರಿಗೂ ಇದು ಇಷ್ಟ" ಅನ್ನೋ ಭಾವನೆ ಎಷ್ಟು ನಿಜ? 1993ರಲ್ಲಿ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಅನ್ನೋ ಮನಃಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನ ಎರಡು ಪ್ರಶ್ನೆ ಕೇಳಿದರು. ಇಲ್ಲಿನ ಕುಡಿತದ ರೂಢಿ ನಿನಗೆ ಎಷ್ಟು ಒಪ್ಪಿಗೆ? ಉಳಿದವರಿಗೆ ಎಷ್ಟು ಒಪ್ಪಿಗೆ ಅಂತ ನಿನಗನ್ಸುತ್ತೆ? ಬಹುಪಾಲು ಜನ "ನನಗೇನೋ ಕಸಿವಿಸಿ, ಬೇರೆಯವರು ಆರಾಮಾಗಿದ್ದಾರೆ" ಅಂದರು. ಬಹುಪಾಲು ಜನ ಹಾಗೆ ಹೇಳಿದ್ದಾರೆ ಅಂದ ಮೇಲೆ, ಆರಾಮಾಗಿರೋ ಆ "ಬೇರೆಯವರು" ಎಲ್ಲಿದ್ದಾರೆ? ಪ್ರತಿಯೊಬ್ಬರೂ ಇನ್ನೊಬ್ಬರ ನಗುಮುಖ ನೋಡಿ ತಮ್ಮ ಕಸಿವಿಸಿಯನ್ನ ನುಂಗಿಕೊಂಡಿದ್ದರು. ಬೇಸರದ ವಿಷಯ ಅಂದ್ರೆ, ಅದೇ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಹುಡುಗರ ಸ್ವಂತ ಅಭಿಪ್ರಾಯವೇ ಆ ಇಲ್ಲದ ಬಹುಮತದ ಕಡೆ ಜಾರಿತ್ತು.

ಚಿಕ್ಕ ಮಕ್ಕಳ ವಿಷಯದಲ್ಲಿ ಇದು ಇನ್ನೂ ಮೊದಲೇ ಶುರುವಾಗುತ್ತೆ. ಒಂದು ತೊಟ್ಟೂ ರುಚಿ ನೋಡದ ಮಗುವಿಗೆ ಮದ್ಯ ಏನು ಮಾಡುತ್ತೆ ಅನ್ನೋದರ ಬಗ್ಗೆ ಖಚಿತ ಅಭಿಪ್ರಾಯ ಇರುತ್ತೆ. "ಇವತ್ತು ತಲೆ ಕೆಟ್ಟಿದೆ, ಒಂದು ಬೇಕೇ ಬೇಕು" ಅಂತ ದೊಡ್ಡವರು ಹೇಳಿದ್ದು ಕಿವಿಗೆ ಬಿದ್ದಿರುತ್ತೆ. ಸಂತೋಷ ಆದರೂ ಬಾಟಲಿ, ದುಃಖ ಆದರೂ ಬಾಟಲಿ, ಕೆಲಸ ಸಿಕ್ಕರೂ ಹೋದರೂ ಬಾಟಲಿ. ಮನಸ್ಸಿನ ಪ್ರತಿ ಏರಿಳಿತಕ್ಕೂ ಒಂದೇ ಔಷಧಿ ಅಂತ ಮಗು ಕಲಿಯುತ್ತೆ. ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ಮಾಹಿತಿ ಇಟ್ಟುಕೊಂಡು 1997ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, 15 ವರ್ಷಕ್ಕೆ ಮೊದಲೇ ಕುಡಿಯೋಕೆ ಶುರು ಮಾಡಿದವರಲ್ಲಿ ಸುಮಾರು ಶೇ 40 ಜನ ಜೀವನದ ಯಾವುದೋ ಹಂತದಲ್ಲಿ ಚಟಕ್ಕೆ ಬಿದ್ದಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಸುಮಾರು ಶೇ 10. ಬೇಗ ಶುರು ಮಾಡೋ ಮಕ್ಕಳ ಮನೆಗಳಲ್ಲಿ ಬೇರೆ ಕಷ್ಟಗಳೂ ಇರಬಹುದು, ಪೂರ್ತಿ ತಪ್ಪು ವಯಸ್ಸಿನದಲ್ಲ. ಆದರೂ "ನಮ್ಮ ಕಣ್ಣೆದುರೇ ಒಂದು ಗುಟುಕು ಕುಡಿಯಲಿ, ಹೊರಗೆ ಕೆಡಲ್ಲ" ಅಂತ ಮನೆಯಲ್ಲಿ ರುಚಿ ತೋರಿಸೋದು ರಕ್ಷಣೆ ಅಂತ ನಾನು ಒಪ್ಪಲ್ಲ. ಮಗುವಿಗೆ ಅರ್ಥ ಆಗೋದು ಒಂದೇ: ಇದಕ್ಕೆ ಮನೆಯವರ ಅಪ್ಪಣೆ ಇದೆ.

ಇಲ್ಲಿಯವರೆಗೆ ಜನರ ಮಾತಾಯ್ತು. ಚಟ ಹತ್ತಿದ ಮೇಲೆ ಜನರಷ್ಟೇ ಬಲವಾಗಿ ಎಳೆಯೋದು ಜಾಗ ಮತ್ತು ಹೊತ್ತು.

ಪ್ರತಿದಿನ ಸಂಜೆ ಏಳಕ್ಕೆ, ಅದೇ ಕುರ್ಚಿಯಲ್ಲಿ, ಅದೇ ಗ್ಲಾಸಿನಲ್ಲಿ ಕುಡಿಯೋ ವ್ಯಕ್ತಿಯ ದೇಹ ಆರೂಮುಕ್ಕಾಲಿಗೇ ತಯಾರಾಗೋಕೆ ಶುರು ಮಾಡುತ್ತೆ. ಬರಲಿರೋ ಮದ್ಯ ನರಗಳನ್ನ ಮಂಕು ಮಾಡುತ್ತೆ ಅಂತ ಅದಕ್ಕೆ ಗೊತ್ತು. ಆದ್ದರಿಂದ ಮೊದಲೇ ನರಗಳನ್ನ ಚುರುಕು ಮಾಡಿಟ್ಟುಕೊಳ್ಳುತ್ತೆ. ಕೆನಡಾದ ಮನಃಶಾಸ್ತ್ರಜ್ಞ ಶೆಪರ್ಡ್ ಸೀಗಲ್ ದಶಕಗಳ ಕಾಲ ಕೆಲಸ ಮಾಡಿದ್ದು ಇದರ ಮೇಲೆಯೇ. ಮದ್ಯ ಬಂದರೆ ಎರಡೂ ಸರಿಹೋಗುತ್ತೆ. ಬರದಿದ್ದರೆ ಆ ತಯಾರಿ ಹಾಗೇ ಉಳಿಯುತ್ತೆ: ಚಡಪಡಿಕೆ, ಸಿಡುಕು, ಕೂರೋಕಾಗಲ್ಲ ನಿಲ್ಲೋಕಾಗಲ್ಲ. ಹೊರಗಿನವರ ಕಣ್ಣಿಗೆ ಇದು ಹಟ. ಗಡಿಯಾರ, ಕುರ್ಚಿ, ಗ್ಲಾಸಿನ ಸದ್ದು ಇವೆಲ್ಲ ಸೇರಿ ದೇಹಕ್ಕೆ ಕೊಟ್ಟ ಆಜ್ಞೆ ಅದು ಅಂತ ಗೊತ್ತಾದರೆ ಮನೆಯವರ ಮಾತಿನ ಧಾಟಿಯೇ ಬದಲಾಗಬಹುದು.

1971ರಲ್ಲಿ ವಿಯೆಟ್ನಾಂನಿಂದ ಮರಳಿದ ಅಮೆರಿಕದ ಸೈನಿಕರ ಮೇಲೆ ಸಂಶೋಧಕಿ ಲೀ ರಾಬಿನ್ಸ್ ಮಾಡಿದ ಅಧ್ಯಯನ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿದ್ದಾಗ ಸುಮಾರು ಐವರಲ್ಲಿ ಒಬ್ಬರಿಗೆ ಹೆರಾಯಿನ್‌ನಂಥ ಮಾದಕದ ಚಟ ಹತ್ತಿತ್ತು. ಊರಿಗೆ ಬಂದ ಮೊದಲ ವರ್ಷದಲ್ಲಿ ಅವರ ಪೈಕಿ ಮತ್ತೆ ಚಟಕ್ಕೆ ಬಿದ್ದವರು ಶೇ 5ರಷ್ಟು ಮಾತ್ರ. ಚಟ ಹತ್ತಿಸಿದ ಜಾಗ, ಜೊತೆಗಾರರು, ಭಯ, ಬೇಸರ ಎಲ್ಲವೂ ಒಂದು ಸಾಗರದಾಚೆ ಉಳಿದುಹೋಗಿತ್ತು. ಮದ್ಯದ ಚಟದವರಿಗೆ ಈ ಅನುಕೂಲ ಇಲ್ಲ. ಅವರು ಒಂದು ತಿಂಗಳು ಚಿಕಿತ್ಸಾ ಕೇಂದ್ರದಲ್ಲಿ ಇದ್ದು, ದೇಹ ಶುದ್ಧಿ ಮಾಡಿಕೊಂಡು, ನೇರವಾಗಿ ಅದೇ ಕುರ್ಚಿಗೆ, ಅದೇ ಸಂಜೆ ಏಳಕ್ಕೆ ವಾಪಸ್ ಬರ್ತಾರೆ. ಒಂದು ವಾರದಲ್ಲಿ ಮತ್ತೆ ಕುಡಿದರೆ "ಅಷ್ಟು ದುಡ್ಡು ಸುರಿದೆವು, ಬುದ್ಧಿ ಬರಲಿಲ್ಲ" ಅಂತೀವಿ. ಚಿಕಿತ್ಸೆ ಆಗಿದ್ದು ಮನುಷ್ಯನಿಗೆ ಮಾತ್ರ. ಮನೆಗೆ ಆಗಿರಲಿಲ್ಲ.

ಹಾಗಾದರೆ ಮನೆಗೆ ಏನು ಮಾಡಬೇಕು? ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ದಿನಾ ಹೆಚ್ಚು ಕುಡಿಯೋರು, ಬೆಳಗ್ಗೆ ಎದ್ದ ಕೂಡಲೇ ಕೈ ನಡುಗೋರು ಇದ್ದಕ್ಕಿದ್ದ ಹಾಗೆ ನಿಲ್ಲಿಸಬಾರದು. ಮನೆಯವರು ಕೋಣೆಗೆ ಬೀಗ ಹಾಕಿ ನಿಲ್ಲಿಸಲೂ ಬಾರದು. ಕೊನೆಯ ಗ್ಲಾಸಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು ಶುರುವಾಗುತ್ತೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಗೊಂದಲ, ಇಲ್ಲದ್ದು ಕಾಣೋದು, ಜ್ವರ ಬಂದು ಜೀವಕ್ಕೇ ಅಪಾಯ ಆಗಬಹುದು. ವೈದ್ಯರು ಮಾತ್ರೆ ಕೊಟ್ಟು, ಬಿ1 ವಿಟಮಿನ್ ಕೊಟ್ಟು ಈ ದಿನಗಳನ್ನ ದಾಟಿಸ್ತಾರೆ. ಹಾಗೇ ಇನ್ನೊಂದು. ಕುಡಿತ ಬಿಡಿಸೋ ಮಾತ್ರೆಯನ್ನ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸೋದನ್ನ ದಯವಿಟ್ಟು ಮಾಡಬೇಡಿ. ಡೈಸಲ್ಫಿರಾಮ್ ಅನ್ನೋ ಔಷಧಿ ದೇಹದಲ್ಲಿದ್ದಾಗ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು. ತಗೊಳ್ಳೋರಿಗೆ ಗೊತ್ತಿದ್ದು, ಅವರು ಒಪ್ಪಿದ್ದು, ವೈದ್ಯರು ನೋಡಿಕೊಳ್ತಿದ್ದರೆ ಮಾತ್ರ ಅದು ಔಷಧಿ.

ಅದಾದ ಮೇಲೆ, ಮೊದಲ ಮೂರು ತಿಂಗಳು ಆ ಹಳೇ ಸಂಜೆಯನ್ನ ಬಿಡಿಬಿಡಿಯಾಗಿ ಕೀಳಬೇಕು. ಮನೆಯಲ್ಲಿ ಒಂದು ಬಾಟಲಿಯೂ ಇರಬಾರದು, "ಅತಿಥಿಗಳಿಗೆ" ಅಂತ ಎತ್ತಿಟ್ಟಿದ್ದು ಕೂಡ. ಕುಡಿತಿದ್ದ ಗ್ಲಾಸ್‌ಗಳನ್ನ ಕೊಟ್ಟುಬಿಡಿ. ಕುರ್ಚಿಯ ಜಾಗ ಬದಲಿಸಿ. ಆ ಕೋಣೆಗೆ ಬೇರೆ ಕೆಲಸ ಕೊಟ್ಟರೆ ಇನ್ನೂ ಒಳ್ಳೇದು. ಕೆಲಸದಿಂದ ಬರೋ ದಾರಿಯಲ್ಲಿ ಅಂಗಡಿ ಇದ್ದರೆ ಎರಡು ಕಿಲೋಮೀಟರ್ ಹೆಚ್ಚಾದರೂ ಬೇರೆ ದಾರಿ. ಹಸಿವು ಮತ್ತು ನಿದ್ದೆಗೇಡು ಎರಡೂ ಕುಡಿಯೋ ಆಸೆಯನ್ನ ಕೆರಳಿಸುತ್ತೆ, ಅದಕ್ಕೇ ರಾತ್ರಿ ಊಟವನ್ನ ಏಳು ಗಂಟೆಗೇ ತನ್ನಿ. ಹೊಟ್ಟೆ ತುಂಬಿದವರಿಗೆ ಆ ಹೊತ್ತು ದಾಟೋದು ಸುಲಭ. ಫೋನಿನಲ್ಲಿ ಶನಿವಾರದ ಪ್ಲಾನ್ ಹಾಕೋ ಗ್ರೂಪ್‌ಗಳಿಂದ ಹೊರಗೆ ಬರಲಿ. ಇದರಲ್ಲಿ ಯಾವುದನ್ನೂ ಕದ್ದುಮುಚ್ಚಿ ಮಾಡಬೇಡಿ. ಇಬ್ಬರೂ ಕೂತು, ಕುಡಿಯೋ ವ್ಯಕ್ತಿಯ ಬಾಯಿಂದಲೇ ಪಟ್ಟಿ ಬರೆಸಿ. ಯಾವ ಗಂಟೆ, ಯಾವ ಜಾಗ, ಯಾರ ಫೋನ್ ಕಷ್ಟ ಅಂತ ಅವರಿಗೆ ಗೊತ್ತಿರೋಷ್ಟು ನಿಮಗೆ ಗೊತ್ತಿರಲ್ಲ.

ಮನೆಯವರು ಪ್ರೀತಿಯಿಂದಲೇ ಮಾಡೋ ಕೆಲವು ಕೆಲಸ ತಿರುಗಿ ಹೊಡೆಯುತ್ತೆ. ದೇವರ ಮುಂದೆ, ಮಕ್ಕಳ ತಲೆ ಮುಟ್ಟಿಸಿ ಆಣೆ ಮಾಡಿಸೋದು ಅಂಥದ್ದು. ಆಣೆ ಮುರಿದ ದಿನ ನಾಚಿಕೆ ಎಷ್ಟು ದೊಡ್ಡದಾಗುತ್ತೆ ಅಂದ್ರೆ, ಅದನ್ನ ಮರೆಯೋಕೆ ಇನ್ನಷ್ಟು ಕುಡೀತಾರೆ. ಕೆಲಸದ ಜಾಗಕ್ಕೆ ಫೋನ್ ಮಾಡಿ "ಜ್ವರ" ಅಂತ ಸುಳ್ಳು ಹೇಳೋದೂ ಹಾಗೇ, ಕುಡಿತದ ಪರಿಣಾಮ ಅವರ ತನಕ ಮುಟ್ಟೋದೇ ಇಲ್ಲ. "ಬೀದಿಯಲ್ಲಿ ಬೀಳೋ ಬದಲು ಮನೆಯಲ್ಲೇ ಕುಡಿಯಲಿ" ಅನ್ನೋದು ಅರ್ಥವಾಗೋ ಭಯ. ಆದರೆ ಅದರಿಂದ ಇಡೀ ಮನೆಯೇ ಆ ಕುರ್ಚಿ ಆಗಿಬಿಡುತ್ತೆ.

ಕುಡಿಯೋ ಹೆಣ್ಣುಮಕ್ಕಳ ವಿಷಯದಲ್ಲಿ ಇದೇ ರೂಢಿ ಇನ್ನೊಂದು ಮುಖ ತೋರಿಸುತ್ತೆ. ಗಂಡಸಿಗೆ ಗ್ಲಾಸ್ ತುಂಬಿಸಿ ಕೊಡೋ ಸಮಾಜವೇ ಅವರನ್ನ ಬಾಗಿಲ ಹಿಂದೆ ಕುಡಿಯೋ ಹಾಗೆ ಮಾಡುತ್ತೆ. ಒಂಟಿಯಾಗಿ, ಬಚ್ಚಿಟ್ಟು, ಬೇಗ ಬೇಗ ಕುಡಿಯೋದು ಅತಿ ಅಪಾಯದ ರೀತಿ. ಅಷ್ಟೇ ಕುಡಿದರೂ ಅವರ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚಾಗುತ್ತೆ, ಯಾಕಂದ್ರೆ ದೇಹದಲ್ಲಿ ನೀರಿನ ಪಾಲು ಕಡಿಮೆ. ಲಿವರ್ ಬೇಗ ಕೆಡುತ್ತೆ. ಚಿಕಿತ್ಸೆಗೆ ಬರೋದು ಮಾತ್ರ ತಡ, ಹೆಸರು ಕೆಡುತ್ತೆ ಅನ್ನೋ ಹೆದರಿಕೆ. "ಕುಡುಕ" ಅನ್ನೋ ಪದಕ್ಕೆ ನಾವು ಮೆತ್ತಿರೋ ಅಸಹ್ಯ ಗಂಡಸು ಹೆಂಗಸು ಅನ್ನದೆ ಎಲ್ಲರನ್ನೂ ವೈದ್ಯರಿಂದ ದೂರ ಇಟ್ಟಿದೆ. ಕುಡಿಯುವಾಗ ಒತ್ತಾಯ, ಬಿದ್ದ ಮೇಲೆ ಅಸಹ್ಯ. ಎರಡನ್ನೂ ಕೊಡೋದು ಅದೇ ಜನ ಅನ್ನೋದು ನನಗೆ ಸಹಿಸೋಕಾಗದ ವಿಷಯ.

"ಹಾಗಾದರೆ ಕುಡಿಯೋರದ್ದು ಏನೂ ತಪ್ಪಿಲ್ವಾ?" ಅಂತ ಕೇಳಬಹುದು. ಕುಡಿದು ಗಾಡಿ ಓಡಿಸಿದರೆ, ಹೆಂಡತಿ ಮಕ್ಕಳ ಮೇಲೆ ಕೈ ಮಾಡಿದರೆ ಅದರ ಹೊಣೆ ಪೂರ್ತಿ ಅವರದ್ದೇ. ಪರಿಸರದ ಮಾತು ಅದಕ್ಕೆ ಕ್ಷಮಾಪಣೆ ಪತ್ರ ಅಲ್ಲ. ನಾನು ಹೇಳ್ತಿರೋದು ಚಟ ಬೆಳೆಯೋಕೆ ನೀರು ಎಲ್ಲಿಂದ ಬರುತ್ತೆ ಅನ್ನೋದನ್ನ. ಐಸ್‌ಲ್ಯಾಂಡ್ ಅದನ್ನ ನಿಲ್ಲಿಸಿ ತೋರಿಸಿದೆ. 1998ರಲ್ಲಿ ಅಲ್ಲಿನ 15-16 ವಯಸ್ಸಿನ ಮಕ್ಕಳಲ್ಲಿ ಶೇ 42 ಜನ ಹಿಂದಿನ ಒಂದು ತಿಂಗಳಲ್ಲಿ ಅಮಲೇರೋಷ್ಟು ಕುಡಿದಿದ್ದರು. 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿಯಿತು. ಮಕ್ಕಳಿಗೆ ಬರೀ ಉಪದೇಶ ಮಾಡಿ ಆಗಿದ್ದಲ್ಲ. ಸಂಜೆ ಹೊತ್ತಿಗೆ ಆಟ, ಸಂಗೀತ ಕಲಿಯೋಕೆ ಜಾಗ ಮತ್ತು ದುಡ್ಡು ಕೊಟ್ಟರು, ಮಕ್ಕಳು ರಾತ್ರಿ ಹೊರಗಿರೋ ಗಂಟೆಗೆ ಮಿತಿ ಹಾಕಿದರು, ಒಂದೇ ಶಾಲೆಯ ತಂದೆತಾಯಿಯರು ಒಟ್ಟಿಗೆ ಸೇರಿ ಒಂದೇ ನಿಯಮಕ್ಕೆ ಒಪ್ಪಿದರು. ಸ್ಕಾಟ್‌ಲ್ಯಾಂಡ್ 2018ರ ಮೇ ತಿಂಗಳಿಂದ ಅತಿ ಅಗ್ಗದ ಮದ್ಯಕ್ಕೆ ಕನಿಷ್ಠ ಬೆಲೆ ಕಟ್ಟಿತು. ಪೂರ್ತಿ ಮದ್ಯದಿಂದಲೇ ಆಗೋ ಸಾವುಗಳು ಅದರಿಂದ ಶೇ 13ರಷ್ಟು ಕಡಿಮೆಯಾದವು ಅಂತ 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಅಲ್ಲಿನ ಜನರ ಸಂಕಲ್ಪ ಒಂದೇ ರಾತ್ರಿಯಲ್ಲಿ ಗಟ್ಟಿಯಾಗಿರಲಿಲ್ಲ.

ಸರ್ಕಾರ ಮಾಡೋದು ಮಾಡಲಿ. ನಿಮ್ಮ ಕೈಯಲ್ಲಿರೋದು ನಿಮ್ಮ ಟೇಬಲ್. ಮುಂದಿನ ಸಲ ನೀವು ಜನರನ್ನ ಕರೆದಾಗ ಮದ್ಯ ಇಡಲೇಬೇಕು ಅಂತಿದ್ದರೆ, ಅಷ್ಟೇ ಚೆಂದದ ಗ್ಲಾಸಿನಲ್ಲಿ, ಅಷ್ಟೇ ಹತ್ತಿರದಲ್ಲಿ ಮದ್ಯ ಇಲ್ಲದ ಪಾನೀಯ ಇಡಿ. ಮೂಲೆಯಲ್ಲಿ ಒಂದು ನೀರಿನ ಜಗ್ ಇಟ್ಟು ಕೈತೊಳೆದುಕೊಂಡರೆ ಸಾಲದು. ಬಾಗಿಲಲ್ಲೇ "ಏನು ಕುಡೀತೀರ?" ಅಂತ ಕೇಳಿ ಕೈಗೆ ಗ್ಲಾಸ್ ಕೊಟ್ಟುಬಿಡಿ. ಕೈಯಲ್ಲಿ ಏನೋ ಒಂದು ಇದ್ದವರನ್ನ ಯಾರೂ ಕೆಣಕಲ್ಲ. ಇನ್ನೊಬ್ಬರ ಗ್ಲಾಸನ್ನ ನೀವು ತುಂಬಿಸಬೇಡಿ, ಅವರೇ ಹಾಕಿಕೊಳ್ಳಲಿ, ಪಕ್ಕದಲ್ಲಿ ಅಳತೆಯ ಕಪ್ ಇರಲಿ. ಊಟ ಕೊನೆಗಲ್ಲ, ಮೊದಲು.

ಯಾರಾದರೂ "ಬೇಡ" ಅಂದಾಗ "ಸರಿ" ಅಂತಷ್ಟೇ ಹೇಳಿ ಮಾತು ಮುಂದುವರಿಸಿ. ಪಕ್ಕದವರು "ಯಾಕೆ?" ಅಂತ ಶುರು ಮಾಡಿದರೆ ನೀವೇ ಅಡ್ಡ ಬಂದು ವಿಷಯ ಬದಲಿಸಿ. ಎರಡು ತಿಂಗಳಿಂದ ಬಿಟ್ಟಿರೋ ಗೆಳೆಯ ಇದ್ದರೆ ಅವರನ್ನ ಈ ಸಂಜೆಗೆ ಕರೆಯಲೇಬೇಡಿ. ಹಾಗಂತ ಮರೆತೂ ಬಿಡಬೇಡಿ. ಬಿಟ್ಟ ಮೇಲೆ ಜನ ಹೇಳೋ ಮೊದಲ ದೂರು ಒಂಟಿತನ, ಹಳೇ ಗುಂಪು ಹೋಯ್ತು, ಹೊಸದು ಬಂದಿಲ್ಲ. ಚಿಕಿತ್ಸೆ ಪಡೆದವರ ಗೆಳೆಯರ ಬಳಗವನ್ನೇ ಬದಲಿಸಲು ಯತ್ನಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ಬಳಗಕ್ಕೆ ಕುಡಿಯದ ಒಬ್ಬ ವ್ಯಕ್ತಿ ಸೇರಿದರೂ ಮುಂದಿನ ವರ್ಷ ಕುಡಿಯದೇ ಉಳಿಯೋ ಸಾಧ್ಯತೆ ಶೇ 27ರಷ್ಟು ಹೆಚ್ಚಿತ್ತು. ಆ ಒಬ್ಬರು ನೀವಾಗಬಹುದು. ಭಾನುವಾರ ಬೆಳಗ್ಗೆ ಆರೂವರೆಗೆ ಅವರ ಮನೆ ಮುಂದೆ ನಿಂತು, ವಾಕಿಂಗಿಗೆ ಕರ್ಕೊಂಡು ಹೋಗಿ. ಮುಂದಿನ ಭಾನುವಾರವೂ ಹೋಗಿ.